ನಾಲ್ಕನೆಯ ಊರಿಗೆ ಬರುವ ಬೀಗರು

ಮೃಗಶಿರಾ ಮಳೆ ಹಿಡಿದು ಮೂರನೆಯ ದಿನ, ಮಧ್ಯಾಹ್ನ ಒಂದೂವರೆ ಗಂಟೆಗೆ ಇದು ಶುರುವಾಯಿತು. ಅಮೀರ್‌ಪೇಟ್‌ನಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ನಾನು ಕೊಂಡಾಪುರದ ಒಂದು ಆಫೀಸಿನಲ್ಲಿ ಹನ್ನೊಂದು ಮಂದಿಗೆ ಅಡಿಗೆ ಮಾಡುತ್ತಿದ್ದೆ. ಹತ್ತು ತಾಟು ಖಾಲಿಯಾಗಿ ಬಂದವು. ಹನ್ನೊಂದನೆಯದರಲ್ಲಿ ಎರಡು ರೊಟ್ಟಿ ಮುಟ್ಟದೆ ಹಾಗೇ ಉಳಿದಿದ್ದವು. ಅದು ನಳಿನಿಯ ತಾಟು.

ಆಫೀಸು ಅಂದರೆ ಮೂರನೆಯ ಮಾಳಿಗೆಯ ಮೇಲೆ ಎರಡು ದೊಡ್ಡ ಕೋಣೆ, ಒಂದು ಗಾಜಿನ ಕೋಣೆ, ಹಿಂದುಗಡೆ ನನ್ನ ಅಡಿಗೆಮನೆ. ಫೋನಿನಲ್ಲಿ ಆಡುವ ಆಟ ತಯಾರಿಸುವುದು ಅವರ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆಂದು ನಂಬಲು ನನಗೆ ಒಂದು ವರ್ಷ ಹಿಡಿಯಿತು. ಯಜಮಾನರು ವೈಜನಾಥ ಸಾಹೇಬರು, ಭಾಲ್ಕಿ ಕಡೆಯವರು. ಲಿಫ್ಟಿನಲ್ಲಿ ತೆಲುಗು, ಫೋನಿನಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಹಿಂದಿ, ಹೊಟ್ಟೆ ಹಸಿದಾಗ ಮಾತ್ರ ಕನ್ನಡ. ಜೋಳದ ರೊಟ್ಟಿ ಬಡಿಯುವವರು ಬೇಕೆಂದು ನನ್ನನ್ನು ಹುಡುಕಿಸಿ ಕರೆತಂದವರು ಅವರೇ. ನಳಿನಿಯ ಅಪ್ಪ ಬಾಲಾನಗರದ ಕಾರ್ಖಾನೆಯಲ್ಲಿ ನೌಕರಿ ಮಾಡಿದವರು, ಹಿರಿಯರು ಗುಲ್ಬರ್ಗ ಕಡೆಯವರು. ಮನೆಮಾತು ಕನ್ನಡವಾದ್ದರಿಂದ ಅವಳು ನನ್ನನ್ನು ದೊಡ್ಡವ್ವ ಎನ್ನುತ್ತಿದ್ದಳು.

ಊಟ ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ಫೋನು ತಿರುಗಿಸಿ ತೋರಿಸಿದಳು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಆದರೆ ಅದು ಓದುವಂಥದ್ದಲ್ಲ, ನೋಡುವಂಥದ್ದು. ಒಂದು ಕೆರೆ, ಕೆರೆಯ ಸುತ್ತ ಒಂಬತ್ತು ಊರು. ಆಡುವವರು ಇಬ್ಬರು. ಇಬ್ಬರಿಗೂ ಮೊದಲು ಒಂದೊಂದು ಊರು. ಊರಿನಿಂದ ಜೋಳ ಬರುತ್ತದೆ, ಜೋಳ ಕೊಟ್ಟರೆ ದಂಡು ಬರುತ್ತದೆ, ದಂಡು ಹೋಗಿ ಇನ್ನೊಂದು ಊರು ಹಿಡಿಯುತ್ತದೆ. ಊರು ಹಿಡಿದಾಗಲೆಲ್ಲ ಇನಾಮಾಗಿ ಒಂದು ಕುದುರೆ. ಎರಡು ಊರಾದರೆ ಎರಡು ಪಾಲು ಜೋಳ, ಇಮ್ಮಡಿ ದಂಡು, ಮತ್ತೆ ಊರು, ಮತ್ತೆ ಕುದುರೆ.

ಹೀಗಾಗಿ ಮೂರನೆಯ ಊರು ಯಾರು ಮೊದಲು ಹಿಡಿಯುತ್ತಾರೋ ಅವರೇ ಕೊನೆಗೂ ಗೆಲ್ಲುವುದು. ಅದು ಇನ್ನೊಬ್ಬನಿಗೆ ಎಂಟನೆಯ ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ. ಆಮೇಲೆ ಅವನು ಮಾಡುವುದಾದರೂ ಏನು? ಫೋನು ಕೆಳಗಿಟ್ಟು ಎದ್ದು ಹೋಗುತ್ತಾನೆ. ಸೋಲುತ್ತಿರುವವರು ನೂರು ಮಂದಿ ಇದ್ದರೆ ಎಪ್ಪತ್ತು ಮಂದಿ ಹಾಗೆ ಎದ್ದು ಹೋಗಿದ್ದರು. ಆ ಲೆಕ್ಕದ ಕಾಗದ ಅಂದು ಬಂದಿತ್ತು.

ಇದಕ್ಕೆ ಅವರ ಕಸುಬಿನಲ್ಲಿ ಮಂಜಿನ ಉಂಡೆ ಎಂದು ಹೆಸರಂತೆ. ಗುಡ್ಡದ ಮೇಲಿಂದ ಉರುಳುತ್ತ ಉರುಳುತ್ತ ದೊಡ್ಡದಾಗುತ್ತದಂತೆ. ನಾನು ಮಂಜು ಕಂಡದ್ದು ಫ್ರಿಜ್ಜಿನ ಒಳಗೆ ಮಾತ್ರ, ಅದನ್ನು ಚಾಕುವಿನಿಂದ ಕೆರೆದು ತೆಗೆಯುವುದೇ ಕಷ್ಟ, ಉರುಳುವುದು ಎಲ್ಲಿಂದ ಬಂತು? ಸೆಗಣಿಹುಳ ಉಂಡೆ ಉರುಳಿಸಿಕೊಂಡು ಹೋಗುತ್ತದಲ್ಲ, ಹಾಗೇನು ಎಂದು ಕೇಳಿದೆ. ಅವಳಿಗೆ ನಗು ಬಂತು, ನಗುತ್ತಲೇ ಅರ್ಧ ರೊಟ್ಟಿ ತಿಂದಳು. ಸಂಜೆಯೊಳಗೆ ಆಫೀಸಿನವರೆಲ್ಲ ಅದನ್ನು ಸೆಗಣಿ ಉಂಡೆ ಎನ್ನತೊಡಗಿದರು. ಸಾಹೇಬರು ಹೊರದೇಶದವರ ಜೊತೆ ಮಾತಾಡುವಾಗ ಬಾಯಿತಪ್ಪಿ ಹಾಗೇ ಅಂದು, ಅದರ ಅರ್ಥ ಬಿಡಿಸಿ ಹೇಳಲು ಇಪ್ಪತ್ತು ನಿಮಿಷ ತೆಗೆದುಕೊಂಡರು.

ಆ ಹೊರದೇಶದವರೇ ಆಟಕ್ಕೆ ಖರ್ಚು ಹಾಕುವವರು. ಅವರು ಒಂದು ಮಾತು ಹೇಳಿಬಿಟ್ಟಿದ್ದರು. ಶ್ರಾವಣ ಮುಗಿಯುವುದರೊಳಗೆ ಸೋಲುವವರು ಅರ್ಧ ಗಂಟೆಯಾದರೂ ಕೂತು ಆಡುವಂತಾಗಬೇಕು, ಇಲ್ಲವಾದರೆ ಆಟ ಮುಚ್ಚುವುದು. ಆಟ ನಳಿನಿಯದು. ಎರಡು ವರ್ಷ ಅವಳು ಆ ಒಂಬತ್ತು ಊರುಗಳಲ್ಲೇ ಇದ್ದಳು. ಮುಚ್ಚಿದರೆ ಅವಳನ್ನು ಪಕ್ಕದ ಕೋಣೆಗೆ, ಮಕ್ಕಳು ಬೆರಳಿನಿಂದ ಕಲ್ಲಂಗಡಿ ಕತ್ತರಿಸುವ ಆಟಕ್ಕೆ ಹಾಕುತ್ತಾರಂತೆ. ಅದು ಕೆಟ್ಟ ಕೆಲಸವಲ್ಲ. ಆದರೂ ಕಲ್ಲಂಗಡಿ ಎನ್ನುವಾಗ ಅವಳ ಮುಖ ನೋಡಿ ನಾನು ಆ ವಾರ ಬಜಾರಿನಿಂದ ಹಣ್ಣು ತರಲಿಲ್ಲ.

ಅವಳು ಮೊದಲು ಮಾಡಿದ ಉಪಾಯ, ಸೋಲುವವರಿಗೆ ಪುಕ್ಕಟೆ ದಂಡು ಕೊಡುವುದು. ಆಫೀಸಿನವರೇ ಕೂತು ಆಡಿ ನೋಡಿದರು. ಎರಡೇ ದಿನದಲ್ಲಿ ಎಲ್ಲರೂ ಸೋಲುವುದರಲ್ಲಿ ಜಾಣರಾದರು. ಊರ ಬಾಗಿಲು ತೆರೆದಿಟ್ಟು, ಬಾರಪ್ಪ ಬಂದು ಹಿಡಿ ಎಂದು ಕಾಯುವುದು, ಪುಕ್ಕಟೆ ದಂಡು ಬಂದ ಮೇಲೆ ಎದ್ದು ಎದುರಿನವರನ್ನು ಬಡಿಯುವುದು. ಒಂದು ಮಧ್ಯಾಹ್ನ ಸಾಹೇಬರೂ ಚಿತ್ರ ಬರೆಯುವ ಕಾವ್ಯಾಳೂ ಎದುರುಬದುರು ಕೂತು, ತಾನು ಮೊದಲು ಸೋಲಬೇಕು ತಾನು ಮೊದಲು ಸೋಲಬೇಕು ಎಂದು, ಒಂದು ತಾಸು ಇಬ್ಬರೂ ಬೆರಳಾಡಿಸಲಿಲ್ಲ. ನಾನು ಎರಡು ಸಲ ಚಹಾ ಕೊಟ್ಟುಬಂದೆ.

ಎರಡನೆಯ ಉಪಾಯ, ಗೆದ್ದವರಿಗೆ ಜೋಳ ಕಡಿಮೆ ಮಾಡಿ ಕುದುರೆ ಕಿತ್ತುಕೊಳ್ಳುವುದು. ಗೆದ್ದರೂ ಅಷ್ಟೇ ಬಿಟ್ಟರೂ ಅಷ್ಟೇ ಅಂದಮೇಲೆ ದಂಡು ಕಟ್ಟಿಕೊಂಡು ಕೆರೆ ದಾಟುವವರು ಯಾರು? ಈಗ ಸೋತವನ ಜೊತೆಗೆ ಗೆದ್ದವನೂ ಎದ್ದು ಹೋಗತೊಡಗಿದ. ಮೂರನೆಯದಾಗಿ ಅವಳು ನಾನು ಸಾರಿಗೆ ಉಪ್ಪು ಖಾರ ನೋಡುವ ಹಾಗೆ ಅಲ್ಲಿ ಚಿಟಿಕೆ ಇಲ್ಲಿ ಚಿಟಿಕೆ ಹಾಕಿದಳು. ಕುದುರೆ ಸ್ವಲ್ಪ ತಡವಾಗಿ ಬರಲಿ, ಸೋಲುವವನ ಊರಗೋಡೆ ಒಂದು ಮೊಳ ಎತ್ತರವಾಗಲಿ, ಹೀಗೆ. ಇದು ಸರಿಬಂದಿತೋ ಇಲ್ಲವೋ ನೋಡಬೇಕಾದರೆ ಇಂಥ ಆಟವನ್ನು ಎಂದೂ ಕೈಯಲ್ಲಿ ಹಿಡಿಯದ ಮಂದಿ ಬೇಕು ಅಂದಳು. ಎಲ್ಲಿ ಸಿಗುತ್ತಾರೆ ಎಂದು ತಲೆಯ ಮೇಲೆ ಕೈಹೊತ್ತು ಕೂತಳು.

ನಾನು ಕಿಟಕಿ ತೋರಿಸಿದೆ. ರಸ್ತೆಯ ಆಚೆ ಹನ್ನೆರಡು ಮಾಳಿಗೆಯ ಕಟ್ಟಡ ಏಳುತ್ತಿತ್ತು. ಕೆಲಸದವರೆಲ್ಲ ಮಸ್ಕಿ, ಲಿಂಗಸುಗೂರು ಕಡೆಯವರು, ನಮ್ಮ ಮಂದಿ. ಮಳೆ ಬಂದ ದಿನ ಸ್ಲಾಬು ಹಾಕುವುದಿಲ್ಲ, ತಗಡಿನ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತಾರೆ. ನಾನೇ ಹೋಗಿ ಎಂಟು ಮಂದಿಯನ್ನು ಕರೆತಂದೆ. ಊಟ ಆಫೀಸಿನದು. ಅವರಲ್ಲಿ ಹುಲಗೇಶ ಗೌಂಡಿ, ಗೋಡೆ ಕಟ್ಟುವವನು, ಇಟ್ಟಿಗೆ ನೋಡಿದರೆ ಸಾಕು ಸೊಟ್ಟ ಎಲ್ಲಿದೆ ಎಂದು ಹೇಳುವಂಥ ಕಣ್ಣು. ಹಂಪಯ್ಯ ಕಂಬಿ ಕಟ್ಟುವವನು, ಹುಲಗೇಶನ ಅಕ್ಕನ ಗಂಡ, ಅಂದರೆ ಅವನಿಗೆ ಮಾವ. ಬಾಯಿ ದೊಡ್ಡದು, ಮನಸ್ಸು ಮೆತ್ತಗೆ.

ಅವರನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಎಲ್ಲರ ಕೈಗೂ ಒಂದೊಂದು ಫೋನು ಕೊಟ್ಟರು. ಆಟ ಮಾಡಿದವರು ಆ ಕೋಣೆಯೊಳಗೆ ಹೋಗಬಾರದು ಎಂಬುದು ಅವರ ಪದ್ಧತಿ. ಎದುರಿಗಿದ್ದರೆ ಆಡುವವರು ಸಂಕೋಚಕ್ಕೆ ಭಾಳ ಚಲೋ ಐತ್ರಿ ಅನ್ನುತ್ತಾರಂತೆ. ನಳಿನಿ ಹೊರಗೆ ಕೂತು ಯಾರು ಎಷ್ಟು ನಿಮಿಷ ಕೂತರು ಎಂಬುದನ್ನಷ್ಟೇ ನೋಡುವಳು. ಒಳಗೆ ಹೋಗಿಬರುತ್ತಿದ್ದವಳು ಮಜ್ಜಿಗೆ ಕೊಡಲು ನಾನೊಬ್ಬಳೇ.

ಹುಲಗೇಶ ಎರಡು ದಿನದಲ್ಲಿ ಆಟ ಕಲಿತ. ಉಳಿದವರು ನಾಲ್ಕು ದಿನದಲ್ಲಿ. ಆಮೇಲೆ ಏನಾಯಿತೆಂದರೆ ಯಾರೂ ಏಳಲೇ ಇಲ್ಲ. ಎಂಟು ನಿಮಿಷ ದಾಟಿತು, ಅರ್ಧ ಗಂಟೆ ದಾಟಿತು, ಒಂದು ತಾಸಾದರೂ ಸೋಲುವವನು ಸೋಲಲಿಲ್ಲ, ಗೆಲ್ಲುವವನು ಗೆಲ್ಲಲಿಲ್ಲ. ಮಳೆ ನಿಂತು ಮೇಸ್ತ್ರಿ ರಸ್ತೆಯಿಂದ ಕೂಗಿ ಕರೆಯಬೇಕಾಯಿತು. ಮರುದಿನವೂ ಹಾಗೇ. ಆಷಾಢವಿಡೀ ಮಳೆ ಬಂದ ದಿನವೆಲ್ಲ ಹಾಗೇ. ನಳಿನಿ ಕಾಗದ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಚಿಟಿಕೆ ಸರಿಬಿದ್ದಿದೆ ಎಂದು ಸಾಹೇಬರು ಹೊರದೇಶದವರಿಗೆ ತಿಳಿಸಿ, ಎಲ್ಲರಿಗೂ ಉಸ್ಮಾನಿಯಾ ಬಿಸ್ಕತ್ತು ಹಂಚಿದರು.

ಒಳಗೆ ನಡೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆ ಆಟದ ಮೂಲೆಯಲ್ಲಿ ಒಂದು ಬಂಡಿಯ ಚಿತ್ರವಿತ್ತು. ಮುಂದೆ ಎಂದಾದರೂ ಗುಂಪು ಕಟ್ಟಿ ಆಡುವುದಾದರೆ ನಮ್ಮ ಕಡೆಯವರಿಗೆ ಜೋಳ ಕಳಿಸಲು ಇರಲಿ ಎಂದು ನಳಿನಿಯೇ ಹಿಂದೆ ಯಾವಾಗಲೋ ಇಟ್ಟು ಮರೆತದ್ದು. ಅದನ್ನು ಒತ್ತಿದರೆ ಯಾವ ಊರಿಗೆ ಬೇಕಾದರೂ ಬಂಡಿ ಹೋಗುತ್ತಿತ್ತು. ಆಫೀಸಿನವರು ಯಾರೂ ಮುಟ್ಟುತ್ತಿರಲಿಲ್ಲ. ವೈರಿಗೆ ಜೋಳ ಕಳಿಸುವವರು ಯಾರು?

ಹುಲಗೇಶ ಕಳಿಸುತ್ತಿದ್ದ. ಮೂರು ಊರು ಹಿಡಿದು, ನಾಲ್ಕನೆಯದಕ್ಕೆ ದಂಡು ಕಳಿಸುವ ಮೊದಲು ಮಾವನ ಊರಿನ ಕಣಜ ಬರಿದಾಗಿದ್ದು ಕಂಡರೆ ಮೆಲ್ಲಗೆ ಒಂದು ಬಂಡಿ ಕಳಿಸುವನು. ಅವನನ್ನು ನೋಡಿ ಉಳಿದವರೂ ಕಲಿತರು. ಎಂಟು ಮಂದಿಯಲ್ಲಿ ಒಬ್ಬನಿಗೆ ಇನ್ನೊಬ್ಬ ಮಾವ, ಅಳಿಯ, ಷಡ್ಡಕ, ಇಲ್ಲವೇ ಅದೇ ಓಣಿಯವನು. ಹಿಡಿದ ಊರಿನಲ್ಲಿ ತಾವು ಉಂಡು ಆಚೆಯವನನ್ನು ಉಪವಾಸ ಕೆಡವುವುದು ಅವರಿಂದ ಆಗಲಿಲ್ಲ. ಹಂಪಯ್ಯ ಮಾತ್ರ ಇದೊಂದನ್ನೂ ಅರಿಯ. ಜೋಳ ಬಂದಾಗಲೆಲ್ಲ ತನ್ನ ಊರಿನದು ಎರೆಮಣ್ಣು, ಎಷ್ಟು ಬರಗಾಲ ಬಿದ್ದರೂ ಬೆಳೆಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದ. ಹನ್ನೊಂದು ಸಲ ಒಂಟಿ ಊರಿನಲ್ಲಿ ನಿಂತು ಕಾದಿದ್ದೇನೆ ಎಂದು ಶೆಡ್ಡಿನಲ್ಲೆಲ್ಲ ಸಾರಿದ್ದ.

ನಾನು ಹೊರಗೆ ಬಂದು ಹೇಳಬೇಕಿತ್ತು. ಹೇಳಲೆಂದೇ ಒಂದು ದಿನ ಬಂದೆ. ಆ ದಿನ ನಳಿನಿ ಮೂರು ರೊಟ್ಟಿ ತಿಂದು ಇನ್ನೊಂದು ಕೇಳಿದಳು. ನಾನು ರೊಟ್ಟಿ ಹಾಕಿ ಸುಮ್ಮನಾದೆ.

ಶ್ರಾವಣ ಹಿಡಿದು ಒಂದು ವಾರಕ್ಕೆ ಅಮೀರ್‌ಪೇಟ್‌ನ ಹಾಸ್ಟೆಲುಗಳಲ್ಲಿದ್ದ ಕಂಪ್ಯೂಟರ್ ಕೋರ್ಸಿನ ಹುಡುಗ ಹುಡುಗಿಯರ ಕೈಗೆ ಆಟ ಕೊಟ್ಟರು. ಆಂಧ್ರದ ಮೂಲೆಮೂಲೆಯಿಂದ ಬಂದವರು, ಒಬ್ಬರಿಗೊಬ್ಬರು ಏನೂ ಅಲ್ಲ. ಎಂಟನೆಯ ನಿಮಿಷಕ್ಕೆ ಎದ್ದು ಹೋದರು. ನೂರಕ್ಕೆ ಎಪ್ಪತ್ತೆರಡು. ಮೊದಲಿಗಿಂತ ಎರಡು ಹೆಚ್ಚು.

ಸಾಹೇಬರು ಹಿಂದಿಯಲ್ಲಿ ಮಾತಾಡಿದರು. ನಳಿನಿ ಎರಡು ದಿನ ಯಂತ್ರದಲ್ಲಿ ತಪ್ಪು ಹುಡುಕಿದಳು. ಬಂಡಿಯ ಲೆಕ್ಕ ಅವರ ಕಾಗದದಲ್ಲೇ ಇರಲಿಲ್ಲ, ಯಾರೂ ಒತ್ತದ ಗುಂಡಿಯ ಲೆಕ್ಕ ಇಡುವುದು ಯಾಕೆ ಎಂದು ಬಿಟ್ಟಿದ್ದರು. ಮೂರನೆಯ ದಿನ ಅವಳು ನೀರು ಕುಡಿಯಲು ಅಡಿಗೆಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ತಲೆ ಎತ್ತದೆ ಹೇಳಿದೆ.

"ನಳಿನವ್ವ, ತಪ್ಪು ನಿನ್ನ ಯಂತ್ರದಾಗ ಇಲ್ಲ. ನಾ ಕರಕೊಂಡು ಬಂದ ಮಂದ್ಯಾಗ ಐತಿ."

"ಏನಂದ್ರಿ?"

"ಅವರು ಆಡಲಿಲ್ಲವ್ವ. ಒಬ್ಬರನ್ನೊಬ್ಬರು ಸಾಕಿದ್ರು."

ಬಂಡಿಯ ಸಂಗತಿ ಎಲ್ಲ ಹೇಳಿದೆ. ಅವಳು ಉಳ್ಳಾಗಡ್ಡಿ ಚೀಲದ ಮೇಲೆ ಕುಸಿದು ಕೂತಳು.

"ಎರಡು ತಿಂಗಳು ನೋಡಿಕೋತ ಸುಮ್ಮನ ಇದ್ರೇನು?"

"ನೀ ಹೊಟ್ಟಿ ತುಂಬ ಉಣ್ಣಾಕತ್ತಿದ್ದಿ."

ಅವಳು ಎದ್ದು ಹೋದಳು. ಮರುದಿನ ಮುಂಜಾನೆ ನನ್ನನ್ನು ದೊಡ್ಡವ್ವ ಎನ್ನಲಿಲ್ಲ, ಗದಿಗೆಮ್ಮನವರೇ ಚಹಾ ಕೊಡಿ ಅಂದಳು. ಪುಸ್ತಕದ ಕನ್ನಡ. ಆ ಒಂದು ಮಾತಿನಿಂದ ನನಗೆ ಆದದ್ದು ಬೈದಿದ್ದರೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಅವಳು ಕೆಲಸದವರನ್ನು ಕರೆಸಿದಳು. ಸಿಟ್ಟಿನಲ್ಲಿ ಅವಳಿಗೊಂದು ತಪ್ಪಾಯಿತು. ಹುಲಗೇಶನೊಬ್ಬನನ್ನೇ ಕೇಳಬಹುದಿತ್ತು, ಎಲ್ಲರ ಎದುರಿಗೆ ಕೇಳಿಬಿಟ್ಟಳು, ಮಾವನಿಗೆ ಎಷ್ಟು ಬಂಡಿ ಕಳಿಸಿದೆ ಎಂದು. ಹುಲಗೇಶ ನೆಲ ನೋಡಿದ. ಹಂಪಯ್ಯ ಮೊದಲು ನಕ್ಕ. ಎರೆಮಣ್ಣು ಅವನಿಗೆ ಅಷ್ಟು ನಂಬಿಕೆಯಾಗಿತ್ತು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದ, ಎಲ್ಲರೂ ಮಜ್ಜಿಗೆಯ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. ಅವನ ಕಿವಿ ಕೆಂಪಾದವು.

"ಹನ್ನೊಂದು ಸಲ ನೀ ಉಣಿಸಿದ್ದು ನಾ ಉಂಡೇನಲೇ?" ಅಂದ. "ಇನ್ನೊಂದು ಬಂಡಿ ಬಂತಂದ್ರ, ಅದೇ ಬಂಡ್ಯಾಗ ನಿಮ್ಮಕ್ಕನ್ನ ಕೂಡಿಸಿ ನಿನ್ನ ಮನಿಗೆ ಕಳಿಸ್ತೀನಿ ನೋಡು."

ಯಾರೋ ನಗಲು ಹೋಗಿ ಕೆಮ್ಮಿದರು. ಹಂಪಯ್ಯ ಅಲ್ಲೇ ಕೂತು, ಈಗ ಆಡು, ಮಾವ ಎನ್ನುವುದನ್ನು ಮರೆತು ಆಡು ಎಂದ. ಹುಲಗೇಶ ಬ್ಯಾಡ ಮಾವ ಎಂದು ಮೂರು ಸಲ ಬೇಡಿಕೊಂಡು ಕೊನೆಗೆ ಆಡಿದ. ಗೋಡೆ ಕಟ್ಟಿದ ಹಾಗೆ ಒಂದರ ಮೇಲೊಂದು ಊರು ಹಿಡಿಯುತ್ತಾ ಹೋದ. ಎಂಟನೆಯ ನಿಮಿಷಕ್ಕೆ ಹಂಪಯ್ಯ ಫೋನು ಮಗುಚಿ ಇಟ್ಟು ಎದ್ದ.

ನಳಿನಿ ಅವನ ಹಿಂದೆ ಮೆಟ್ಟಿಲವರೆಗೆ ಓಡಿದಳು. ತಪ್ಪಾಯಿತು ಎಂದು ಮೊದಲು ಹೇಳಿದಳು. ಸೋತದ್ದಕ್ಕೆ ಎದ್ದು ಬಂದಿರಾ ಎಂದು ಆಮೇಲೆ ಕೇಳಿದಳು. ಅವನು ಎರಡು ಮೆಟ್ಟಿಲು ಇಳಿದು ನಿಂತ.

"ಸೋಲೂದು ದೊಡ್ಡ ಮಾತಲ್ರಿ ಅವ್ವಾರ. ದಿನಾ ಒಂದಿಲ್ಲೊಂದು ಸೋಲ್ತೀವಿ. ಆದ್ರ ಗೆದ್ದಾವಗ ಒಂದು ತ್ರಾಸರ ಬ್ಯಾಡೇನ್ರಿ? ಆರು ಊರು ಆಳಾಕತ್ತಾನ, ಆಂವನ ಬಾಗ್ಲಿಗೆ ಒಬ್ಬರೂ ಬಂದಿಲ್ಲ. ಇಂಥಾ ಗೆಲುವು ನಾ ಎಲ್ಲೂ ನೋಡಿಲ್ರಿ."

ಅವನು ಹೋದ. ನಳಿನಿ ಮೆಟ್ಟಿಲ ಮೇಲೇ ಕೂತಳು. ನಾನೂ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಅವನ ಮಾತಿಗೆ ನನಗೆ ಕಾಲುವೆಗೆ ನೀರು ಬಂದ ವರ್ಷ ನೆನಪಾಯಿತು. ಅವಳು ಕೇಳದಿದ್ದರೂ ಹೇಳಿದೆ.

ನನ್ನ ಸೋದರಮಾವಂದಿರು ಇಬ್ಬರು, ಸಿಂಧನೂರು ಹತ್ತಿರದವರು. ತುಂಗಭದ್ರೆಯ ಕಾಲುವೆ ಬಂದಾಗ ದೊಡ್ಡವನ ಹೊಲಕ್ಕೆ ನೀರು ಹಾಯಿತು, ಸಣ್ಣವನದು ದಿಬ್ಬದ ಮೇಲೆ ಉಳಿಯಿತು. ದೊಡ್ಡವನು ಭತ್ತ ಬೆಳೆದ. ಮೊದಲ ಸುಗ್ಗಿಗೆ ಹೆಂಡತಿಯ ತವರಿನವರು ಮಾತಾಡಿಸಿಕೊಂಡು ಹೋಗೋಣವೆಂದು ಬಂದರು, ಹದಿನೈದು ದಿನ ಇದ್ದರು. ಎರಡನೆಯ ಸುಗ್ಗಿಗೆ ಮಗಳ ಬೀಗರು, ಬೀಗರ ಬೀಗರು, ಒಬ್ಬ ಮುದುಕಿ ಯಾರ ಕಡೆಯವಳೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಹೋಗ್ರಿ ಅನ್ನುವ ಹಾಗಿಲ್ಲ. ಅನ್ನಕ್ಕೆ ತುಪ್ಪ ಒಂದು ಹನಿ ಕಡಿಮೆಯಾದರೆ ಎದ್ದು ಹೋಗಿ ಸಣ್ಣವನ ಮನೆಯ ಕಟ್ಟೆಯ ಮೇಲೆ ಕೂತು, ದೊಡ್ಡವನು ಕಾಳು ಹೂಳಿಡುವ ಹಗೇವು ಎಷ್ಟು ಆಳ, ಬೀಜದ ಭತ್ತ ಎಲ್ಲಿಟ್ಟಿದ್ದಾನೆ, ಎಲ್ಲ ಹೇಳುವರು. ನಾಲ್ಕು ವರ್ಷದಲ್ಲಿ ದೊಡ್ಡವನು ಮಲಗಲು ಜಾಗವಿಲ್ಲದೆ ತಮ್ಮನ ಮನೆಗೆ ಬಂದು ಮಲಗುತ್ತಿದ್ದ. ಸಣ್ಣವನ ಮನೆಗೆ ಉಣ್ಣಲು ಯಾರೂ ಬರುತ್ತಿರಲಿಲ್ಲ. ಅವನು ನಿಶ್ಚಿಂತೆಯಿಂದ ಬಾವಿ ತೋಡಿಕೊಂಡ.

ನನ್ನ ಕಥೆ ಅಲ್ಲಿಗೆ ಮುಗಿಯಿತು. ನಳಿನಿ ಬಿಡಲಿಲ್ಲ. ಅಲ್ಲಿಂದ ಸಂಜೆಯವರೆಗೆ ಪೊಲೀಸರ ಹಾಗೆ ಕೇಳಿದಳು. ಎಷ್ಟು ಆಸ್ತಿಯಾದರೆ ಬೀಗರು ಬರುತ್ತಾರೆ? ಒಟ್ಟಿಗೇ ಬರುತ್ತಾರೋ, ಒಬ್ಬೊಬ್ಬರಾಗಿ ಬರುತ್ತಾರೋ? ದಿನಕ್ಕೆ ಎಷ್ಟು ಉಣ್ಣುತ್ತಾರೆ? ಮುನಿಸಿಕೊಳ್ಳಲು ಎಷ್ಟು ದಿನ ಬೇಕು? ಮೂರು ಎತ್ತಿನ ಬೇಸಾಯದವನ ಮನೆಗೆ ಯಾರೂ ಬರುವುದಿಲ್ಲ, ನಾಲ್ಕನೆಯ ಎತ್ತು ಕಟ್ಟಿದನೋ ಬೀಗರಿಗೆ ದಾರಿ ಕಾಣಿಸುತ್ತದೆ ಎಂದೆ. ಬರೆದುಕೊಂಡಳು. ಬರೆದುಕೊಳ್ಳುತ್ತಾ, ಆ ತುಪ್ಪದ ಮಾತು ಇನ್ನೊಮ್ಮೆ ಹೇಳ್ರಿ ದೊಡ್ಡವ್ವ ಅಂದಳು.

ಆರು ದಿನದಲ್ಲಿ ಬೀಗರು ಆಟದೊಳಗೆ ಬಂದರು. ಜೋಳ ಹಿಂದಿನಂತೆಯೇ, ಕುದುರೆ ಹಿಂದಿನಂತೆಯೇ. ಸೋಲುವವನಿಗೆ ಪುಕ್ಕಟೆ ಏನೂ ಇಲ್ಲ, ಆದ್ದರಿಂದ ಬೇಕೆಂದು ಸೋತರೆ ಲಾಭವಿಲ್ಲ. ಆದರೆ ನಾಲ್ಕನೆಯ ಊರು ಹಿಡಿದ ಕೂಡಲೆ ಅರಮನೆಯ ಬಾಗಿಲಿಗೆ ಬೀಗರು ಬಂದು ನಿಲ್ಲುತ್ತಾರೆ. ಐದನೆಯದಕ್ಕೆ ಇನ್ನಷ್ಟು, ಆರನೆಯದಕ್ಕೆ ಮತ್ತಷ್ಟು. ಕಣಜದ ಜೋಳ ಅವರ ಹೊಟ್ಟೆಗೆ. ಸರಿಯಾಗಿ ನೋಡಿಕೊಳ್ಳದಿದ್ದರೆ ಮುನಿಸಿಕೊಂಡು ಕೆರೆಯ ಆಚೆ ವೈರಿಯ ಕಟ್ಟೆಗೆ ಹೋಗಿ, ದಂಡು ಎಲ್ಲಿದೆ, ಯಾವ ಗೋಡೆ ತೆಳ್ಳಗಿದೆ ಎಂದು ಹೇಳಿಬಿಡುತ್ತಾರೆ. ಕಾವ್ಯಾ ಚಿತ್ರ ಬರೆದಳು. ಕೊಡೆ ಹಿಡಿದ ಒಬ್ಬ, ಟ್ರಂಕು ಹೊತ್ತ ಇಬ್ಬರು, ಮುಂದೆ ಎಲೆಯಡಿಕೆ ಸಂಚಿ ಸಿಕ್ಕಿಸಿಕೊಂಡ ಮುದುಕಿ. ಮುದುಕಿಯ ಮೂಗು ನನ್ನದೇ.

ಸಾಹೇಬರು ಮೊದಲು ಆಡಿದರು. ಮೂರು ಊರು ಹಿಡಿದು ನಿಂತುಬಿಟ್ಟರು. ಎದುರಿಗೆ ಕೂತ ಕಾವ್ಯಾಳೂ ಮೂರಕ್ಕೇ ನಿಂತಳು. ನಾಲ್ಕನೆಯದು ಯಾರಿಗೂ ಬೇಡ, ಮತ್ತೆ ಇಬ್ಬರೂ ಕೈಕಟ್ಟಿ ಕೂತರು. ನಳಿನಿ ನನ್ನ ಕಡೆ ನೋಡಿದಳು. ಇಷ್ಟಕ್ಕೆ ಯಾಕೆ ಹೆದರಬೇಕು ಎಂದೆ. ಬೀಗರನ್ನು ಕಳಿಸುವ ರೀತಿ ಬೇರೆ ಇರುತ್ತದೆ. ಹೆಣ್ಣುಮಕ್ಕಳಿಗೆ ಕುಪ್ಪಸದ ಬಟ್ಟೆ ಕೊಟ್ಟು ಉಡಿ ತುಂಬಬೇಕು, ಗಂಡಸರಿಗೆ ಟವೆಲ್ಲು ಹೊದಿಸಬೇಕು, ತಾವಾಗಿಯೇ ಚಪ್ಪಲಿ ಮೆಟ್ಟುತ್ತಾರೆ. ಹೋದಲ್ಲೆಲ್ಲ ಹೊಗಳುತ್ತಾರೆ. ಹೊಗಳಿಸಿಕೊಂಡವನಿಗೆ ಮುಂದಿನ ಊರು ತಾನೇ ಬಾಗಿಲು ತೆಗೆಯುತ್ತದೆ. ಅದನ್ನೂ ಹಾಕಿದಳು. ಉಡಿ ತುಂಬಲು ಒಳ್ಳೆಯ ಖರ್ಚು, ಮರೆತರೆ ಕೇಡು, ಹೊತ್ತಿಗೆ ಸರಿಯಾಗಿ ಮಾಡಿದವನಿಗೆ ದಾರಿ. ಈಗ ಗೆಲ್ಲುವವನಿಗೂ ಕೈತುಂಬ ಕೆಲಸವಾಯಿತು.

ಹಂಪಯ್ಯ ಬರಲು ಒಪ್ಪಲಿಲ್ಲ. ಮೂರು ದಿನ ಮಳೆ ಬಂದರೂ ಶೆಡ್ಡಿನಲ್ಲೇ ಕೂತ. ನಾಲ್ಕನೆಯ ದಿನ ನಳಿನಿ ತಾನೇ ಕೆಸರು ತುಳಿದುಕೊಂಡು ಹೋಗಿ, ಆಟದಿಂದ ಬಂಡಿಯನ್ನು ಕಿತ್ತುಹಾಕಿದ್ದೇನೆ ಎಂದು ಫೋನಿನಲ್ಲಿ ತೋರಿಸಿದಳು. ಅವನು ಮೂಲೆಮೂಲೆ ಒತ್ತಿ ನೋಡಿ ಎದ್ದುಬಂದ. ಹುಲಗೇಶ ಎದುರು ಕೂತ. ಎಂಟನೆಯ ನಿಮಿಷಕ್ಕೆ ಹುಲಗೇಶನಿಗೆ ನಾಲ್ಕು ಊರು, ಮಾವನಿಗೆ ಒಂದು. ಬೀಗರು ಬಂದರು. ಹುಲಗೇಶ ಅವರ ಉಡಿ ತುಂಬಿ ಕಳಿಸಿದ. ಆರನೆಯ ಊರಿಗೆ ಹತ್ತೊಂಬತ್ತು ಮಂದಿ ಬಂದರು, ದಂಡಿಗೆ ಜೋಳ ಹಾಕುವ ಗಡಿಬಿಡಿಯಲ್ಲಿ ಮುದುಕಿಯನ್ನು ಮರೆತ. ಮುದುಕಿ ಸಂಚಿ ಎತ್ತಿಕೊಂಡು ಕೆರೆಯ ಏರಿಯ ಮೇಲೆ ನಡೆಯತೊಡಗಿದಳು. ಕೋಣೆಯಲ್ಲಿದ್ದವರೆಲ್ಲ ಆಡುವುದನ್ನು ಬಿಟ್ಟು ಅವಳು ನಡೆಯುವುದನ್ನೇ ನೋಡಿದರು. ಹಂಪಯ್ಯ ಒಂಟಿ ಊರಿನ ಬಾಗಿಲು ತೆರೆದು, ಇದ್ದ ಜೋಳದಲ್ಲಿ ಅವಳಿಗೆ ಮೊದಲು ಉಣಿಸಿದ. ನಲವತ್ತೇಳನೆಯ ನಿಮಿಷಕ್ಕೆ ಐದು ಊರು ಅವನ ಕೈಯಲ್ಲಿದ್ದವು.

"ಬಂಡಿ ಬಂದಿಲ್ಲ ಹೌದಲ್ಲೋ?" ಎಂದು ಕೇಳಿದ.

"ಇಲ್ಲ ಮಾವ. ಈ ಸಲ ಮುದುಕಿ ಬಂದಾಳ."

ಹಂಪಯ್ಯ ನಕ್ಕ. ಆ ಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು, ಬದನೆಕಾಯಿ ಪಲ್ಯ ಯಾರಿಗೆ ಹೆಚ್ಚು ಬಂತೆಂದು ಮತ್ತೆ ಜಗಳಾಡಿದರು.

ಆದರೆ ಇವರು ಕೂತರೆ ಸಾಲದು, ಅದು ಈಗ ನಳಿನಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಏನೂ ಅಲ್ಲದವರು ಕೂರಬೇಕು. ಸೆಪ್ಟೆಂಬರ್ ಒಂದನೆಯ ತಾರೀಖಿಗೆ ಅಮೀರ್‌ಪೇಟ್‌ನಲ್ಲಿ ಒಂದು ದೊಡ್ಡ ಹಾಲ್ ಬಾಡಿಗೆಗೆ ಹಿಡಿದರು. ಶ್ರಾವಣ ಮುಗಿಯಲು ನಾಲ್ಕು ದಿನ ಇತ್ತು. ಎಂಬತ್ತು ಮಂದಿಗೆ ಹೇಳಿದ್ದರು, ಎಪ್ಪತ್ತೊಂಬತ್ತು ಬಂದರು. ಒಬ್ಬಳು ಹುಡುಗಿಗೆ ಎದುರಾಳಿ ಇಲ್ಲದಂತಾಯಿತು. ಭಾಗ್ಯಶ್ರೀ ಎಂದು ಅವಳ ಹೆಸರು, ಬೀದರಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು, ಫೋನು ಕೂಡ ಗೆಳತಿಯದು. ನಾನೇ ಕೂರುತ್ತೇನೆ ಎಂದು ಸಾಹೇಬರು ತೋಳು ಮಡಚಿ ಕೂತರು. ನಳಿನಿ ಊಟ ಬಿಡುತ್ತಾಳೆಂದು ನಾನು ಡಬ್ಬಿ ಕಟ್ಟಿಕೊಂಡು ಹೋಗಿದ್ದೆ, ಗೋಡೆಗೆ ಒರಗಿ ಕೂತೆ.

ಐದು ನಿಮಿಷ. ಆರು. ಎಂಟನೆಯ ನಿಮಿಷಕ್ಕೆ ನಳಿನಿ ನನ್ನ ಸೀರೆಯ ಸೆರಗು ಹಿಡಿದುಕೊಂಡಳು. ಯಾರೂ ಏಳಲಿಲ್ಲ. ಒಬ್ಬ ಹುಡುಗ ಅರ್ಧ ಎದ್ದ, ಕಿಟಕಿಯ ಕಡೆ ಬೆಳಕಿಗೆ ಫೋನು ಹಿಡಿದು ನೋಡಿ, ಮುಸಲಮ್ಮ ವಸ್ತೋಂದಿರಾ ಎಂದು ಪಕ್ಕದವನಿಗೆ ಹೇಳಿ ಮತ್ತೆ ಕೂತ. ಮುದುಕಿ ಬರುತ್ತಿದ್ದಾಳೆ ಎಂದು ಅದರ ಅರ್ಥ. ಸ್ವಲ್ಪ ಹೊತ್ತಿಗೆ ಹಾಲ್ ತುಂಬ ಅದೇ ಮಾತು. ಸೋಲುತ್ತಿದ್ದವರೆಲ್ಲ ಬಾಗಿಲಲ್ಲಿ ನಿಂತು ಅವಳಿಗೆ ಕಾಯುತ್ತಿದ್ದರು, ಗೆಲ್ಲುತ್ತಿದ್ದವರೆಲ್ಲ ಕುಪ್ಪಸದ ಬಟ್ಟೆಗೆ ಪರದಾಡುತ್ತಿದ್ದರು.

ಸಾಹೇಬರು ಹತ್ತನೆಯ ನಿಮಿಷಕ್ಕೆ ಐದು ಊರು ಹಿಡಿದಿದ್ದರು. ಉಡಿ ತುಂಬಿರಿ ಎಂದು ನಳಿನಿ ದೂರದಿಂದಲೇ ಸನ್ನೆ ಮಾಡಿದಳು. ಸಂಬಳ ಕೊಡುವವನು ನಾನು, ನನ್ನ ಆಫೀಸಿನ ಬೀಗರು ನನ್ನನ್ನು ಬಿಟ್ಟು ಎಲ್ಲಿ ಹೋಗುತ್ತಾರೆ ಎಂದು ಅವರು ಏಳನೆಯ ಊರಿಗೆ ಕುದುರೆ ಓಡಿಸಿದರು. ಬೀಗರು ಉಂಡರು, ಕಾದರು, ಒಬ್ಬರ ಹಿಂದೊಬ್ಬರು ಏರಿ ಹತ್ತಿ ಭಾಗ್ಯಶ್ರೀಯ ಊರಿಗೆ ಹೋದರು. ಆ ಹುಡುಗಿ ತಲೆ ಬಗ್ಗಿಸಿ ತೆಳ್ಳನೆಯ ಗೋಡೆಗಳನ್ನು ಹುಡುಕಿ ಹುಡುಕಿ ಕೆಡವಿದಳು.

ಅರ್ಧ ಗಂಟೆ ದಾಟಿ ಐದು ನಿಮಿಷಕ್ಕೆ ಹೊರದೇಶದವರ ಫೋನು ಬಂತು. ಅವರು ಅಲ್ಲಿಂದಲೇ ಎಲ್ಲ ನೋಡುತ್ತಿದ್ದರಂತೆ. ಮೇಜಿನ ಮೇಲಿದ್ದ ಸಾಹೇಬರ ಫೋನನ್ನು ನಳಿನಿಯೇ ಎತ್ತಿಕೊಂಡಳು. ಮಾತಾಡಿ ಇಟ್ಟು, ಆಟ ಮುಚ್ಚೂದಿಲ್ಲಂತ ದೊಡ್ಡವ್ವ ಎಂದು ಹೇಳಿ, ಡಬ್ಬಿ ಬಿಚ್ಚಿ ನಿಂತುಕೊಂಡೇ ಉಣ್ಣತೊಡಗಿದಳು. ಬಾಯಿ ತುಂಬಿಕೊಂಡೇ ಉಳಿದದ್ದನ್ನು ಹೇಳಿದಳು. ಅರ್ಧ ಗಂಟೆಯೊಳಗೆ ಎದ್ದುಹೋದವರು ನಾಲ್ಕೇ ಮಂದಿ ಎಂದು ಅವರಿಗೆ ಕಂಡಿತ್ತಂತೆ, ಯಾಕೆ ಹೋದರೆಂದು ಕೇಳಿದರಂತೆ. ಇಬ್ಬರು ಹಾಸ್ಟೆಲಿನ ಊಟ ತಪ್ಪುತ್ತದೆಂದು ಹೋದರು. ಒಬ್ಬನ ಫೋನು ಚಾರ್ಜು ಮುಗಿದು ಆರಿತು. ಇಪ್ಪತ್ತೆರಡನೆಯ ನಿಮಿಷಕ್ಕೆ ಫೋನು ಮಗುಚಿಟ್ಟು, ಹಿಂದಿಯಲ್ಲಿ ಏನೋ ಅಂದು, ಮೆಟ್ಟಿಲಿಳಿದು ಹೋದ ನಾಲ್ಕನೆಯವರು ನಮ್ಮ ವೈಜನಾಥ ಸಾಹೇಬರು. ಅದು ಶ್ರಾವಣದ ಕಡೆಯ ಭಾನುವಾರ.